ಪಾರ್ಕು, ಮರ, ಮೈದಾನ: ಮೊದಲು ನೋಡುವುದು ಮಣ್ಣನ್ನೇ

ನಾನು ಸ್ಥಳೀಯ ಸಂಸ್ಥೆಯೊಂದರ ಉದ್ಯಾನ ವಿಭಾಗದಲ್ಲಿದ್ದೇನೆ. ಜನ ನನ್ನನ್ನು ಹೆಚ್ಚಾಗಿ ಕೇಳುವುದು ಇಷ್ಟೇ: ಹುಲ್ಲು ಯಾವಾಗ ಕತ್ತರಿಸ್ತೀರಿ? ಆ ಕೊಂಬೆ ಯಾವಾಗ ತೆಗೀತೀರಿ? ಮೈದಾನ ಯಾವಾಗ ಬಿಟ್ಟುಕೊಡ್ತೀರಿ? ಮಣ್ಣಿನ ವಿಚಾರ ಯಾರೂ ಎತ್ತುವುದಿಲ್ಲ. ಆದರೆ ಈ ಮೂರು ಪ್ರಶ್ನೆಗಳಿಗೂ ನಾನು ಉತ್ತರ ಹುಡುಕುವುದು ಅಲ್ಲೇ.

ಹೊಸ ಜಾಗಕ್ಕೆ ಹೋದಾಗ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ನೆಲಕ್ಕೆ ಚುಚ್ಚಿ ನೋಡುತ್ತೇನೆ. ಹದವಾದ ತೇವ ಇರುವ ಒಳ್ಳೆಯ ಮಣ್ಣಿನಲ್ಲಿ ಅದು ಕೈ ಒತ್ತಿದಂತೆ ಇಳಿಯುತ್ತದೆ. ಎರಡು ಬೆರಳಗಲ ಇಳಿದು ನಿಂತುಬಿಟ್ಟರೆ ಮಣ್ಣು ಗಟ್ಟಿಯಾಗಿ ಕೂತಿದೆ ಅಂತಲೇ ಲೆಕ್ಕ. ಕಾಲ್ತುಳಿತಕ್ಕೂ ಗಾಡಿಗಳ ಭಾರಕ್ಕೂ ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಬೇರಿಗೆ ನೀರು ಬೇಕು ಅಂತ ಎಲ್ಲರಿಗೂ ಗೊತ್ತು, ಗಾಳಿಯೂ ಬೇಕು ಅನ್ನುವುದು ಮರೆತುಹೋಗುತ್ತದೆ. ಅಂಥ ಜಾಗಕ್ಕೆ ಎಷ್ಟು ನೀರು ಬಿಟ್ಟರೂ ಗೊಬ್ಬರ ಹಾಕಿದರೂ ಸುಮ್ನೆ ದಂಡ.

ಇದು ಕಣ್ಣಿಗೆ ಹೊಡೆಯುವಂತೆ ಕಾಣುವುದು ಫುಟ್‌ಬಾಲ್ ಮೈದಾನದ ಗೋಲ್ ಮುಂದೆ. ಕಂಬಗಳ ನಡುವೆ 7.32 ಮೀಟರ್ ಅಂತರ. ಗೋಲ್‌ಕೀಪರ್ ನಿಲ್ಲುವುದು, ತಿರುಗುವುದು, ಹಾರುವುದು ಎಲ್ಲ ಅಲ್ಲೇ. ಉಳಿದ ಮೈದಾನ ಹಸಿರಾಗಿದ್ದರೂ ಆ ಜಾಗ ಬೋಳು. ಬರೀ ಬೀಜ ಎರಚಿದರೆ ಅಲ್ಲಿ ಹುಲ್ಲು ನಿಲ್ಲುವುದಿಲ್ಲ. ನೆಲ ಸ್ವಲ್ಪ ತೇವ ಇರುವಾಗ, ಕೆಸರಿರುವಾಗ ಅಲ್ಲ, ಸುಮಾರು 10 ಸೆಂಟಿಮೀಟರ್ ಆಳಕ್ಕೆ ಒತ್ತೊತ್ತಾಗಿ ತೂತು ಹಾಕಿಸುತ್ತೇನೆ. ಆ ತೂತುಗಳಿಗೆ ಮರಳು ಎಳೆದು ತುಂಬಿಸಿ, ಆಮೇಲೆ ಬೀಜ ಹಾಕುತ್ತೇವೆ ಅಥವಾ ಬೇರು, ಮಣ್ಣಿನ ಸಮೇತ ಕತ್ತರಿಸಿ ತಂದ ಹುಲ್ಲಿನ ಹಲಗೆ ಕೂರಿಸುತ್ತೇವೆ. ಬೇರು ಕಚ್ಚಿದೆಯಾ ಅಂತ ತಿಳಿಯಲು ಒಂದು ಹಿಡಿ ಹುಲ್ಲು ಹಿಡಿದು ಮೇಲಕ್ಕೆ ಎಳೆಯುತ್ತೇನೆ. ಚಾಪೆಯಂತೆ ಎದ್ದು ಬಂದರೆ ಇನ್ನೂ ಕಾಯಬೇಕು. ಗೋಲ್ ಕಂಬ ಸರಿಸುವಂಥದ್ದಾದರೆ ಅಷ್ಟು ದಿನ ಬೇರೆ ಕಡೆ ಇಡುತ್ತೇವೆ.

ಮಳೆ ಬಂದ ಮರುದಿನ ಆಟಕ್ಕೆ ಬೇಡ ಅನ್ನುವುದೇ ಈ ಕೆಲಸದ ಕಷ್ಟದ ಭಾಗ. "ಸರ್, ಒಂದೇ ಮ್ಯಾಚ್" ಅಂತ ಹುಡುಗರು ಬರುತ್ತಾರೆ. ನಾನು ಹಿಮ್ಮಡಿ ಒತ್ತಿ ತೋರಿಸುತ್ತೇನೆ. ಸುತ್ತ ನೀರು ಉಕ್ಕಿದರೆ ಆಟ ಇಲ್ಲ. ನೀರು ಕುಡಿದ ನೆಲದ ಮೇಲೆ ಒಂದು ಪಂದ್ಯ ಆಡಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹೋಗುತ್ತದೆ. ಕಾರಣ ತೋರಿಸಿ ಹೇಳಿದರೆ ಅವರೂ ಒಪ್ಪುತ್ತಾರೆ. ಬೀಗ ಹಾಕಿ ಹೊರಟುಹೋದರೆ ಯಾರು ಒಪ್ಪುತ್ತಾರೆ, ಹೇಳಿ?

ಹುಲ್ಲು ಕತ್ತರಿಸುವುದಕ್ಕೆ ನಾನು ಬಿಡದೆ ಪಾಲಿಸುವುದು ಒಂದೇ ನಿಯಮ: ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಬ್ಲೇಡ್ ಹರಿತವಾಗಿರಬೇಕು. ಮೊಂಡಾದ ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ತುದಿಗಳೆಲ್ಲ ಬಿಳಿಚಿಕೊಂಡಿರುತ್ತವೆ.

ಇನ್ನು ಮರಗಳು. ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೆಚ್ಚಿನ ಬೇರುಗಳು ಇರುವುದು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ. ಅಗಲಕ್ಕೆ ಮಾತ್ರ ಕೊಂಬೆಗಳ ನೆರಳನ್ನೂ ದಾಟಿ ಹೋಗಿರುತ್ತವೆ. ಹಾಗಾಗಿ ಕಾಂಡ ಮುಟ್ಟದೆ ಪಕ್ಕದಲ್ಲಿ ಕೇಬಲ್‌ಗೆ ಕಾಲುವೆ ತೋಡಿದರೂ ಮರಕ್ಕೆ ಪೆಟ್ಟು ಬೀಳುತ್ತದೆ. ಎಳೆ ಮರಗಳಿಗೆ ದೊಡ್ಡ ಶತ್ರು ಬ್ರಷ್ ಕಟರ್. ಬುಡದ ಹುಲ್ಲು ಸವರುವಾಗ ಆ ಯಂತ್ರದ ಗಿರಗಿರ ತಿರುಗುವ ದಾರ ತೊಗಟೆಗೆ ಬಡಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲಿ. ಗಾಯ ಕಾಂಡದ ಸುತ್ತ ಬಳೆಯಂತೆ ಕೂಡಿಕೊಂಡರೆ ಆ ದಾರಿ ಕಡಿದುಹೋಗಿ ಮರ ಉಳಿಯುವುದಿಲ್ಲ. ಅದಕ್ಕೆ ಬುಡದ ಸುತ್ತ ಹುಲ್ಲನ್ನೇ ಬಿಡದೆ, 5ರಿಂದ 10 ಸೆಂಟಿಮೀಟರ್ ದಪ್ಪ ತರಗೆಲೆ, ಮರದ ಚಕ್ಕೆ ಹರಡಿಸುತ್ತೇನೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು, ತಾಗಿದರೆ ತೊಗಟೆ ಕೊಳೆಯುತ್ತದೆ. ಈ ಹೊದಿಕೆ ಯಂತ್ರವನ್ನೂ ಕಾಲನ್ನೂ ದೂರ ಇಡುತ್ತದೆ, ಮಣ್ಣನ್ನೂ ಸಡಿಲ ಮಾಡುತ್ತದೆ. ಇಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ.

ಕೊಂಬೆ ತೆಗೆಯುವಾಗ, ಅದು ಕಾಂಡಕ್ಕೆ ಸೇರುವ ಕಡೆ ಇರುವ ಉಬ್ಬಿನ ಹೊರಗೆ ಕತ್ತರಿಸುತ್ತೇವೆ. ಗಾಯಕ್ಕೆ ಬಣ್ಣ, ಡಾಂಬರು ಏನೂ ಬಳಿಯುವುದಿಲ್ಲ. ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಅಂತ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶಿಗೊ ತೋರಿಸಿಕೊಟ್ಟರು. ಆ ಉಬ್ಬನ್ನು ಕೊಯ್ದರೆ ಗೋಡೆ ಕಟ್ಟುವ ಜಾಗವೇ ಹೋಯಿತು. ಮರದ ತಲೆ ಬೋಳಿಸಿ ಅಂತ ಕೇಳುವವರಿಗೆ ಆಗಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಆಮೇಲೆ ಚಿಗುರುವ ಕೊಂಬೆಗಳ ಹಿಡಿತ ಸಡಿಲ, ಗಾಳಿಗೆ ಅವೇ ಮೊದಲು ಮುರಿಯುತ್ತವೆ.

ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಗುತ್ತಿಗೆ ಪತ್ರದಲ್ಲಿ. ವರ್ಷಕ್ಕೆ ಇಷ್ಟು ಸಲ ಹುಲ್ಲು ಕತ್ತರಿಸಬೇಕು ಅಂತ ಬರೆದರೆ, ಹುಲ್ಲು ಬೆಳೆಯದ ಬೇಸಗೆಯಲ್ಲೂ ಯಂತ್ರ ಓಡುತ್ತದೆ. ಎತ್ತರ ಇಷ್ಟು ಮೀರಬಾರದು ಅಂತ ಬರೆದರೆ ಬೇಕಾದಾಗ ಮಾತ್ರ ಓಡುತ್ತದೆ. ಹುಲ್ಲಿನ ಮಟ್ಟಿಗೆ ಈ ಬದಲಾವಣೆ ಮಾಡಿಸಿದ್ದೇನೆ. ಈಗ ಗಿಡಗಳ ವಿಷಯದಲ್ಲೂ ಹಟ ಹಿಡಿದಿದ್ದೇನೆ: ನೆಟ್ಟ ಗಿಡಗಳ ಲೆಕ್ಕಕ್ಕೆ ಪೂರ್ತಿ ಹಣ ಕೊಡುವುದು ಬೇಡ, ಎರಡು ವರ್ಷದ ಮೇಲೆ ಬದುಕಿರುವ ಗಿಡಗಳನ್ನು ಎಣಿಸಿ ಉಳಿದ ಕಂತು ಕೊಡೋಣ ಅಂತ.