ಹತ್ತೊಂಬತ್ತು ಶಟರ್: ಭದ್ರಾವತಿಯ ಒಂದು ಬೀದಿ ಎದ್ದ ಕತೆ

ಕಳೆದ ವಾರ ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಇಬ್ಬರು ಜಗಳ ಆಡಿದರು. ನಾನು ಅಂಗಡಿ ಕಟ್ಟೆ ಮೇಲೆ ನಿಂತು ಖುಷಿಯಾಗಿ ನೋಡಿದೆ, ಬಿಡಿಸಲು ಹೋಗಲಿಲ್ಲ. ಐದಾರು ವರ್ಷದ ಹಿಂದೆ ಇದೇ ಬೀದಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಾಯಿಗಳು ರಸ್ತೆ ಮಧ್ಯೆ ಕಾಲು ಚಾಚಿ ಮಲಗುತ್ತಿದ್ದವು. ಅವನ್ನು ಎಬ್ಬಿಸುವಷ್ಟೂ ಗಾಡಿ ಬರುತ್ತಿರಲಿಲ್ಲ.

ಮುಚ್ಚಿದ ಅಂಗಡಿಗಳ ಶಟರ್ ಮತ್ತೆ ಎತ್ತಿಸಲು ನಾನು ಓಡಾಡುವಾಗ "ಇವನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ" ಅಂದವರೇ ಈಗ "ನಾವು ಆಗಲೇ ಹೇಳಿದ್ವಲ್ಲ" ಅನ್ನುತ್ತಿದ್ದಾರೆ. ಅದಕ್ಕೇ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ಲೆಕ್ಕಗಳು ಅಂದಾಜಿನವು. ಮೊದಲೆರಡು ವರ್ಷದ ನೋಟ್‌ಬುಕ್ ಒಂದು ಮಳೆಗಾಲದಲ್ಲಿ ನೆನೆದು ಹೋಯಿತು.

ನನ್ನದು ಹಾರ್ಡ್‌ವೇರ್ ಅಂಗಡಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಮಾದರಿ ಮಾಡುವ ಪ್ಯಾಟರ್ನ್ ಶಾಪಿನಲ್ಲಿದ್ದವರು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಆ ಹಳ್ಳಿಯಂಥ ಊರಿನಲ್ಲಿ 1918ರಲ್ಲಿ ಕಾರ್ಖಾನೆ ಕೆಲಸ ಶುರುವಾಗಿ, 1923ರಲ್ಲಿ ಮಲೆನಾಡಿನ ಸೌದೆ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ಇಳಿಯಿತು. 1936ರಲ್ಲಿ ಪೇಪರ್ ಮಿಲ್ ಬಂತು. ಎರಡು ದೊಡ್ಡ ಕಾರ್ಖಾನೆ, ಒಂದು ಊರು. ಇಲ್ಲಿ ಹೆಣ್ಣು ಕೊಡುವವರು ಹುಡುಗನ ಕಾರ್ಖಾನೆ ಟೋಕನ್ ನಂಬರ್ ಕೇಳಿ ಕೊಡುತ್ತಿದ್ದರು ಅಂತ ನಮ್ಮಮ್ಮ ತಮಾಷೆ ಮಾಡುತ್ತಿದ್ದಳು. ಪೇಪರ್ ಮಿಲ್ 2015ರ ಹೊತ್ತಿಗೆ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು. ಆದರೆ ನಮ್ಮ ಬೀದಿ ಕಾಯಲಿಲ್ಲ, ಅದಕ್ಕೂ ಮೊದಲೇ ಒಣಗಿತ್ತು. 41 ಅಂಗಡಿಗಳಲ್ಲಿ 19 ಶಟರ್ ಇಳಿದಿದ್ದವು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರು ಶಿವಮೊಗ್ಗದಲ್ಲಿ ಸೈಟ್ ಮಾಡಿದರು, ಮಕ್ಕಳು ಬೆಂಗಳೂರಿಗೆ ಹೋದರು.

"ಫ್ಯಾಕ್ಟರಿ ಮತ್ತೆ ಪೂರ್ತಿ ಶುರು ಆಗ್ದೆ ಊರು ಏಳಲ್ಲ" ಅನ್ನುವುದು ಇಲ್ಲಿನ ಮಂತ್ರ. ನಾನೂ ಧರಣಿಯಲ್ಲಿ ಕೂತವನೇ, ಈಗಲೂ ಕರೆದರೆ ಹೋಗುತ್ತೇನೆ. ಆದರೆ ಧರಣಿ ಮುಗಿಸಿ ಮನೆಗೆ ಬಂದ ಮೇಲೆ ಸಂಜೆ ಏನು ಮಾಡಬೇಕು? ಕೋಲಾರದ ಕೆಜಿಎಫ್ ನೋಡಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಇವತ್ತಿಗೂ ಅಲ್ಲಿನ ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ದಾವಣಗೆರೆಯ ಹತ್ತಿ ಗಿರಣಿಗಳೂ ಮುಚ್ಚಿದವು, ಆದರೆ ಅವರಿಗೆ ಕಾಲೇಜುಗಳು ಕೈ ಹಿಡಿದವು. ನಮಗೆ ಏನು ಕೈ ಹಿಡಿಯುತ್ತದೆ ಅಂತ ಹುಡುಕುವುದರಲ್ಲೇ ನನ್ನ ಎರಡು ವರ್ಷ, ಸುಮಾರು ಒಂದು ಲಕ್ಷ ರೂಪಾಯಿ ಹೋಯಿತು.

ಹೋದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ಮೊದಲು ಗೋಡೆ ಚಿತ್ರ. ಯಾವುದೋ ವಿಡಿಯೋ ನೋಡಿ ತಲೆ ಕೆಟ್ಟಿತು. ಶಟರ್ ಮೇಲೆಲ್ಲ ಹುಲಿ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ, ಭದ್ರಾ ಹೊಳೆ. ಬಣ್ಣಕ್ಕೇ 28 ಸಾವಿರ ಬಿತ್ತು, ಅದೂ ನನ್ನ ಅಂಗಡಿಯ ಬಣ್ಣ, ಅಸಲು ರೇಟಲ್ಲಿ. ಜನ ಬಂದರು, ಫೋಟೋ ತೆಗೆದರು, ಹೋದರು. ಹದಿನೈದು ದಿನಕ್ಕೆ ಹುಲಿ ಮುಖದ ಮೇಲೆ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಬಿತ್ತು. ಮುಚ್ಚಿದ ಅಂಗಡಿಗೆ ಬಣ್ಣ ಹೊಡೆದರೆ ಅದು ಬಣ್ಣದ ಮುಚ್ಚಿದ ಅಂಗಡಿ, ಅಷ್ಟೇ.

ಆಮೇಲೆ ರಾತ್ರಿ ತಿಂಡಿ ಬೀದಿ. ಇದು ದೊಡ್ಡ ಪೆಟ್ಟು, 62 ಸಾವಿರ. ಹನ್ನೆರಡು ಗಾಡಿ, ಸೀರಿಯಲ್ ಲೈಟು, ಜನರೇಟರ್ ಬಾಡಿಗೆ. ಶುರು ಮಾಡಿದ್ದು ಯಾವಾಗ? ಜೂನ್ ತಿಂಗಳ ಎರಡನೇ ಶನಿವಾರ. ಮಲೆನಾಡಿನ ಬಾಗಿಲಲ್ಲಿ ಕೂತವನಿಗೆ ಅಷ್ಟೂ ಬುದ್ಧಿ ಇರಲಿಲ್ಲ. ಮೊದಲ ದಿನ ಚೆನ್ನಾಗಿ ನಡೆಯಿತು. ಮುಂದಿನ ಶನಿವಾರ ಏಳೂವರೆಗೆ ಮಳೆ ಹಿಡಿಯಿತು. ಗೋಬಿ ಹಿಟ್ಟಿನ ಬಕೆಟ್ ತೇಲಿಕೊಂಡು ಚರಂಡಿಗೆ ಹೋದದ್ದನ್ನು ನನ್ನ ಹೆಂಡತಿ ಇನ್ನೂ ನೆಂಟರಿಗೆ ಹೇಳುತ್ತಾಳೆ.

ಮಧ್ಯೆ ಅಣಬೆಯೂ ಬೆಳೆದೆ. ಖಾಲಿ ಗೋಡೌನ್ ಇದೆ, ಕತ್ತಲಿದೆ, ತೇವ ಇದೆ, ಇನ್ನೇನು ಬೇಕು ಅಂತ. ಹಿಂದೆ ಅಲ್ಲಿ ಗೊಬ್ಬರದ ಮೂಟೆ ಇಡುತ್ತಿದ್ದರಂತೆ, ಆ ವಾಸನೆ ಹೋಗಲೇ ಇಲ್ಲ. ಒಟ್ಟು 11 ಕೆಜಿ ಬಂತು. ಅರ್ಧ ಮನೆಯವರೇ ತಿಂದೆವು. ಅಣಬೆ ಬಗ್ಗೆ ಇಷ್ಟು ಸಾಕು.

ಈಗ ಕೆಲಸಕ್ಕೆ ಬಂದ ವಿಷಯ. ಒಂದು ದಿನ ಮುಚ್ಚಿದ 19 ಅಂಗಡಿಗಳ ಮಾಲೀಕರಿಗೂ ಫೋನ್ ಮಾಡಿ, ನಾನೇ ಬಾಡಿಗೆಗೆ ಬೇಕು ಅನ್ನುವವನ ಹಾಗೆ ಕೇಳಿದೆ. ಬಾಡಿಗೆ 5ರಿಂದ 7 ಸಾವಿರ. ಅದು ದೊಡ್ಡದಲ್ಲ. ಅಡ್ವಾನ್ಸ್ ಕೇಳಿದರೆ ಒಂದೂವರೆ ಲಕ್ಷ, ಎರಡು ಲಕ್ಷ! ಬೋನಸ್ ಕಾಲದ ರೇಟು. ಆಯುಧ ಪೂಜೆ ಸಮಯದಲ್ಲಿ ಜನ ಚೀಲ ಹಿಡಿದು ಬರುತ್ತಿದ್ದರಲ್ಲ, ಆಗ ನಿಂತ ರೇಟು ಆಮೇಲೆ ಇಳಿದೇ ಇಲ್ಲ. ಜನ ಇಲ್ಲ ಅಂತ ನಾವು ಅಳುತ್ತಿದ್ದೆವು. ಆದರೆ ಅಂಗಡಿ ಹಾಕಲು ಆಸೆ ಇದ್ದ ಏಳೆಂಟು ಹುಡುಗರು ಇದೇ ಅಡ್ವಾನ್ಸ್ ಕೇಳಿ ವಾಪಸ್ ಹೋಗಿದ್ದರು. ಒಬ್ಬ ಬ್ಯಾಂಕಿಗೂ ಹೋಗಿದ್ದ. ಅಲ್ಲಿ ಕೇಳಿದ ಕಾಗದಗಳನ್ನು ಹೊಂದಿಸುವಷ್ಟು ಶಕ್ತಿ ಇದ್ದರೆ ಅವನಿಗೆ ಸಾಲವೇ ಬೇಕಿರಲಿಲ್ಲ.

ಮಾಲೀಕರ ಮುಂದೆ ಕಾಗದ ಪೆನ್ನು ಇಟ್ಟುಕೊಂಡು ಕೂತೆ. ಮೂರು ವರ್ಷ ಮುಚ್ಚಿದೆ. ತಿಂಗಳಿಗೆ 5 ಸಾವಿರ ಅಂದರೂ 1 ಲಕ್ಷ 80 ಸಾವಿರ ಹೋಯ್ತು. ಕಂದಾಯ ನೀವೇ ಕಟ್ತಿದ್ದೀರಿ, ಶಟರ್ ತುಕ್ಕು ಹಿಡೀತಿದೆ. "ಅಡ್ವಾನ್ಸ್ ಸೊನ್ನೆ ಮಾಡಿ. ಮೊದಲ ಆರು ತಿಂಗಳು ವ್ಯಾಪಾರದ ನೂರಕ್ಕೆ ಎಂಟು ನಿಮಗೆ. ಆಮೇಲೆ ಬಾಡಿಗೆ ಮಾತಾಡೋಣ" ಅಂದೆ. 19 ಜನರಲ್ಲಿ ಒಪ್ಪಿದವರು ಇಬ್ಬರು. ಒಬ್ಬರಿಗೆ ವಯಸ್ಸಾಗಿತ್ತು, ಇನ್ನೊಬ್ಬರು ನನ್ನ ಭಾವ.

ಹನ್ನೊಂದು ತಿಂಗಳ ಕರಾರು, ಟ್ರೇಡ್ ಲೈಸೆನ್ಸ್ ಇವೆಲ್ಲ ಇಂಥ ಕೆಲಸಕ್ಕೆ ಕೈ ಹಾಕಿದವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದ್ದು ಇದು: ವ್ಯಾಪಾರದಲ್ಲಿ ಪಾಲು ಅಂದರೆ ವ್ಯಾಪಾರ ಎಷ್ಟು ಅಂತ ತಿಳಿಯುವುದು ಹೇಗೆ? ಯುಪಿಐ ಲೆಕ್ಕ ಅರ್ಧ ಹೇಳುತ್ತದೆ. ಉಳಿದರ್ಧ ಹಿಡಿಯಲು ನನ್ನ ಹತ್ತಿರ ಒಂದು ಉಪಾಯ ಇದೆ, ನೂರಕ್ಕೆ ಐದರಷ್ಟೂ ತಪ್ಪುವುದಿಲ್ಲ. ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯವರೂ ಓದುತ್ತಾರೆ.

ಮೊದಲ ಬಾಡಿಗೆದಾರ ಮೊಬೈಲ್ ಕವರ್ ಮಾರುವ ಹುಡುಗ. ಎರಡೂವರೆ ತಿಂಗಳಿಗೆ ರಾತ್ರೋರಾತ್ರಿ ಖಾಲಿ ಮಾಡಿದ. ಕರೆಂಟ್ ಬಿಲ್ ಬಾಕಿ, ಫ್ಯಾನ್ ಇಲ್ಲ, ಟ್ಯೂಬ್‌ಲೈಟಿನ ಪಟ್ಟಿಯೂ ಇಲ್ಲ. ಭಾವ ಮೂರು ತಿಂಗಳು ಮಾತು ಬಿಟ್ಟ. 9 ಸಾವಿರ ನಾನೇ ಕೊಟ್ಟೆ. ಊರೆಲ್ಲ ನಕ್ಕಿತು. ಆಗ ಒಂದು ನಿಯಮ ಮಾಡಿಕೊಂಡೆ: ಬೇರೆ ಕಡೆ ಎತ್ತಿಕೊಂಡು ಹೋಗಬಹುದಾದ ವ್ಯಾಪಾರ ಬೇಡ. ಭಾರ ಇರುವ ವ್ಯಾಪಾರ ಬೇಕು.

ಭಾರ ಅಂದಾಗಲೇ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ನೆನಪಾಯಿತು.

ನಮ್ಮ ಸುತ್ತ ಏನಿದೆ? ಹೊಳೆಹೊನ್ನೂರು, ಲಕ್ಕವಳ್ಳಿ, ತರೀಕೆರೆ, ಚನ್ನಗಿರಿ, ಎಲ್ಲಿ ನೋಡಿದರೂ ಅಡಿಕೆ. ಭದ್ರಾ ನಾಲೆ ನೀರು ಬಂದಲ್ಲೆಲ್ಲ ಗದ್ದೆ ತೋಟವಾಗಿದೆ. ಕೊಯ್ಲಿನ ಕಾಲದಲ್ಲಿ ಸುಲಿಯುವ ಮಷಿನ್ ಒಂದು ದಿನ ಕೈ ಕೊಟ್ಟರೆ ಹಸಿ ಅಡಿಕೆ ರಾಶಿಯಲ್ಲೇ ಬಿಸಿಯಾಗುತ್ತದೆ, ಕೂಲಿಯವರು ಸುಮ್ನೆ ಕೂರುತ್ತಾರೆ, ಅಡಿಕೆ ಬೇಯಿಸುವ ಚೊಗರಿನ ಹಂಡೆ ತಣ್ಣಗಾಗುತ್ತದೆ. ಮೆಕ್ಯಾನಿಕ್ ನಾಲ್ಕು ದಿನ ಬಿಟ್ಟು ಬರುತ್ತಾನೆ. ಇತ್ತ ನಮ್ಮೂರಿನ ಜಗಲಿಗಳ ಮೇಲೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಹಿಡಿದ ಟರ್ನರುಗಳು, ಫಿಟ್ಟರುಗಳು ಪೇಪರ್ ಓದುತ್ತಾ ಕೂತಿದ್ದಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಎರಡು ವರ್ಷ ಬೇಕಾಯಿತು ಅನ್ನುವುದು ನಾಚಿಕೆಯ ವಿಷಯ.

ಗುಜರಿಯಲ್ಲಿ ಹಳೇ ಲೇತ್ ಸಿಕ್ಕಿತು, ಕೆಜಿ ಲೆಕ್ಕದಲ್ಲಿ, ಸಾಗಾಣಿಕೆ ಸೇರಿ 85 ಸಾವಿರದ ಹತ್ತಿರ. ಮೂರು ಜನ ಹಾಕಿಕೊಂಡೆವು. ತ್ರೀ ಫೇಸ್ ಕರೆಂಟಿಗೆ ನಾಲ್ಕು ತಿಂಗಳು ಅಲೆದಾಡಿದೆ. ಆ ಕಚೇರಿಯ ಮುಂದಿನ ಟೀ ಅಂಗಡಿಯವನಿಗೆ ನನ್ನಿಂದಲೇ ಒಳ್ಳೇ ವ್ಯಾಪಾರ ಆಗಿರಬೇಕು.

ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬ ಟರ್ನರ್ ಇದ್ದರು, ಎಪ್ಪತ್ತರ ಹತ್ತಿರ. ಬರಲ್ಲ ಅಂದರು. ನಾನು ಸುಮ್ನೆ ಒಂದು ಮಷಿನ್ನಿನ ಸವೆದ ಬ್ಲೇಡ್ ಒಯ್ದು ಅವರ ಜಗಲಿ ಮೇಲಿಟ್ಟು ನೀರು ಕೇಳಿದೆ. ನೀರು ತಂದವರು ಬ್ಲೇಡ್ ಕೈಗೆ ತಗೊಂಡರು. ಹೆಬ್ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಆಡಿಸಿದರು, ಒಂದು ಕಡೆ ನಿಲ್ಲಿಸಿದರು, ಮತ್ತೆ ಆಡಿಸಿದರು. "ಇದಕ್ಕೆ ಹದ ಯಾರು ಕೊಟ್ಟಿದ್ದು? ಇದು ಉಕ್ಕಲ್ಲ ಕಣೋ, ಅವಲಕ್ಕಿ" ಅಂದರು. ಮಾರನೇ ದಿನ ಎಂಟು ಗಂಟೆಗೆ ಖಾಕಿ ಅಂಗಿ ಹಾಕಿಕೊಂಡು ಬಂದರು. ಹನ್ನೆರಡು ವರ್ಷದಿಂದ ಮಡಚಿಟ್ಟಿದ್ದ ಅಂಗಿ, ಮಡಿಕೆ ಗೆರೆ ಹಾಗೇ ಇತ್ತು.

ಬ್ಲೇಡಿನ ಸಂದು ಬಿಗಿಯಾದರೆ ಅಡಿಕೆ ಒಡೆದು ಹೋಳಾಗುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಸಡಿಲವಾದರೆ ಸಿಪ್ಪೆ ಉಳಿಯುತ್ತದೆ. ಆ ಹದ ಅವರ ಕೈಗೆ ಎರಡೇ ವಾರದಲ್ಲಿ ಸಿಕ್ಕಿತು. ಕಾಯಿಸಿದ ಬ್ಲೇಡನ್ನು ಗಟ್ಟಿ ಮಾಡಲು ಅವರು ಕೊಡುವ ನೀರು ಯಾವ ನೀರು ಅಂತ ನನಗೂ ಹೇಳಿಲ್ಲ, ಹೇಳಿದ್ದರೂ ನಾನು ಬರೆಯುತ್ತಿರಲಿಲ್ಲ. ಮೊದಲ ಸೀಸನ್ನಿಗೆ 140 ಮಷಿನ್ ಬಂದಿರಬಹುದು. ಸರಾಸರಿ ಬಿಲ್ 900 ರೂಪಾಯಿ. ಮೇಲೆ ಬೆಲ್ಟು, ಬೇರಿಂಗು ಎಲ್ಲ ನನ್ನ ಅಂಗಡಿಯದು. ಸುಳ್ಳು ಯಾಕೆ ಹೇಳಲಿ, ನನಗೂ ಲಾಭ ಆಯಿತು.

ಮಷಿನ್ ಬಿಟ್ಟು ರೈತ ಮೂರು ಗಂಟೆ ಕಾಯಬೇಕು. ಕಾಯುವವನಿಗೆ ಹಸಿವಾಗುತ್ತದೆ. ಎದುರಿನ ಶಟರ್ ಎತ್ತಿ ಒಬ್ಬ ಹೆಂಗಸು ತಟ್ಟೆ ಇಡ್ಲಿ ಶುರು ಮಾಡಿದಳು. ಹೆಂಡತಿ ಜೊತೆ ಬಂದವರಿಗೆ ಬ್ಲೌಸ್ ಹೊಲಿಯುವ ಅಂಗಡಿ. ಆಮೇಲೆ ಪಂಪ್ ಸೆಟ್ ರಿಪೇರಿ, ಅಡಿಕೆ ಗೊನೆ ಕೊಯ್ಯುವ ದೋಟಿ ಕತ್ತಿ ಹದ ಮಾಡುವವನು, ಟಾರ್ಪಾಲು, ಬೀಜ. ಒಂದು ವರ್ಷದಲ್ಲಿ ಏಳು ಶಟರ್ ಎದ್ದವು. ನಾನು ಕರೆದದ್ದು ಮೂವರನ್ನು, ಉಳಿದವರು ತಾವೇ ಬಂದರು.

ಒಂದು ತೊಡಕು ಮಾತ್ರ ಎಲ್ಲಕ್ಕಿಂತ ಗಟ್ಟಿಯಾಗಿತ್ತು, ನಮ್ಮ ಗಡಿಯಾರ. ಬೀದಿಯವರು ಈಗಲೂ ಶಿಫ್ಟ್ ಬಿಡುವ ಹೊತ್ತಿನ ಲೆಕ್ಕದಲ್ಲೇ ಇದ್ದರು. ಬೆಳಗ್ಗೆ ಹತ್ತೂವರೆಗೆ ಬಾಗಿಲು, ಸಂಜೆ ದೀಪ ಹಚ್ಚಿ ಯಾರಿಗೋ ಕಾಯುವುದು. ರೈತ ಮೊದಲ ಬಸ್ಸಿಗೆ ಬರುತ್ತಾನೆ, ಹನ್ನೊಂದಕ್ಕೆಲ್ಲ ವಾಪಸ್ ತೋಟದಲ್ಲಿರಬೇಕು. ಏಳು ಗಂಟೆಗೆ ಅಂಗಡಿ ತೆಗೆಸಲು ನಾನು ಪಟ್ಟ ಪಾಡು ಅಡ್ವಾನ್ಸ್ ಬಿಡಿಸುವುದಕ್ಕಿಂತ ಜಾಸ್ತಿ. ಬಾಡಿಗೆಯೂ ಹಾಗೇ. ಹಿಂದೆ ತಿಂಗಳ ಮೊದಲ ವಾರ ಸಂಬಳ, ಆಗ ಬಾಡಿಗೆ. ಈಗ ದುಡ್ಡು ಬರುವುದು ಅಡಿಕೆ ಮಾರಿದಾಗ. ಅದಕ್ಕೆ ಅಕ್ಟೋಬರಿನಿಂದ ಮಾರ್ಚ್ ಪೂರ್ತಿ ಬಾಡಿಗೆ, ಜೂನಿನಿಂದ ಸೆಪ್ಟೆಂಬರ್ ಅರ್ಧ, ನಡುವಿನ ಎರಡು ತಿಂಗಳು ಅವರವರ ಮಾತು. ಇದನ್ನು ಕರಾರಿನಲ್ಲೇ ಬರೆಸಿದೆ. ಬರೆದ ವಕೀಲರು "ಇದೆಂಥ ಬಾಡಿಗೆ ಮಾರಾಯ್ರೇ, ಕಂದಾಯನಾ?" ಅಂದರು.

ಈಗ ಮುಚ್ಚಿರುವುದು 5. ಅದರಲ್ಲಿ ಎರಡು ಅಣ್ಣತಮ್ಮಂದಿರ ಕೋರ್ಟ್ ಕೇಸು, ಅವಕ್ಕೆ ನನ್ನಲ್ಲಿ ಮದ್ದಿಲ್ಲ. ನನ್ನ ಜೇಬಿನಿಂದ ಹೋದದ್ದು ಅಣಬೆ, ಗೋಬಿ, ಹುಲಿ ಚಿತ್ರ, ಆಮೇಲಿನ ಲೇತಿನ ಪಾಲು ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಆಸುಪಾಸು. ಬೇರಿಂಗಿನಲ್ಲಿ ವಾಪಸ್ ಬಂದಿದೆ. ಅಡ್ವಾನ್ಸ್ ಬಿಡಲ್ಲ ಅಂದಿದ್ದ ಮಾಲೀಕರಲ್ಲಿ ಇಬ್ಬರು ಈಗ ಮತ್ತೆ ಅಡ್ವಾನ್ಸ್ ಕೇಳುವ ಮಾತಾಡುತ್ತಿದ್ದಾರೆ, ಬೀದಿ ಎದ್ದಿತಲ್ಲ! ಅವರ ಜೊತೆ ಜಗಳ ನಡೆದಿದೆ. ಅಡಿಕೆ ರೇಟು ಬಿದ್ದರೆ ಏನು ಗತಿ ಅಂತಲೂ ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಒಂದು ಕಾರ್ಖಾನೆ ನಂಬಿ ಕೆಟ್ಟವರು ಒಂದು ಬೆಳೆ ನಂಬಬಾರದು. ಅದಕ್ಕೇ ಟರ್ನರ್ ಯಜಮಾನರ ಕೈಯಲ್ಲಿ ಈಗ ಮೆಕ್ಕೆಜೋಳ ಬಿಡಿಸುವ ಮಷಿನ್ ಒಂದಿದೆ. ಎರಡು ಸಲ ಬಿಚ್ಚಿದ್ದಾರೆ, ಒಂದು ಸಲ ಬೈದಿದ್ದಾರೆ.

ಐದರಲ್ಲಿ ಒಂದು ಶಟರಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಮೂರು ವರ್ಷದಿಂದ "ಯುಗಾದಿ ಕಳೀಲಿ" ಅನ್ನುತ್ತಿದ್ದರು. ಮೊನ್ನೆ ಅವರೇ ಫೋನ್ ಮಾಡಿದರು, ಬೀಗದ ಕೈ ಕೊರಿಯರ್ ಮಾಡಿದ್ದಾರಂತೆ. ಬೀಗ ಹೋಗಲಿ, ಆ ಶಟರ್ ಏಳಬೇಕಾದರೆ ಎರಡು ಲೀಟರ್ ಸೀಮೆಎಣ್ಣೆ ಬೇಕು, ಅದನ್ನು ಹುಡುಕುತ್ತಿದ್ದೇನೆ.