ಇನುಕ್ಟಿಟುಟ್ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಸರಿಯಾಗಿ ನಮೂದಿಸುವ ಬಗೆ

ಉತ್ತರ ಕೆನಡಾದ ಇನುಯಿಟ್ ಜನರು ಇನುಕ್ಟಿಟುಟ್ ಭಾಷೆಗೆ ಬಳಸುವ ಲಿಪಿಯಲ್ಲಿ ವ್ಯಂಜನಕ್ಕೊಂದು ಆಕಾರವಿದ್ದು, ಆ ಆಕಾರ ಯಾವ ಕಡೆಗೆ ಮುಖ ಮಾಡಿದೆ ಎಂಬುದರಿಂದ ಸ್ವರ ತಿಳಿಯುತ್ತದೆ. ಮೊನೆ ಮೇಲಿದ್ದರೆ ‘ಪಿ’, ಬಲಕ್ಕಿದ್ದರೆ ‘ಪು’, ಎಡಕ್ಕಿದ್ದರೆ ‘ಪ’. 1840ರ ಸುಮಾರಿಗೆ ಜೇಮ್ಸ್ ಇವಾನ್ಸ್ ಎಂಬ ಮಿಷನರಿ ಕ್ರೀ ಭಾಷೆಗೆ ಅಳವಡಿಸಿದ ಬರಹ ಇದರ ಮೂಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು, ಅಂದರೆ ಸಂಕೇತವನ್ನು, ಗೊತ್ತುಪಡಿಸುವ ಮಾನಕವೇ ಯೂನಿಕೋಡ್. 1999ರಲ್ಲಿ ಬಂದ ಅದರ 3.0 ಆವೃತ್ತಿಯು ಕ್ರೀ, ಇನುಕ್ಟಿಟುಟ್ ಮೊದಲಾದ ಭಾಷೆಗಳ ಅಕ್ಷರಗಳನ್ನು ಒಂದೇ ವಿಭಾಗದಲ್ಲಿ ಸೇರಿಸಿತು. ದಶಮಾನದಲ್ಲಿ ಹೇಳುವುದಾದರೆ ಆ ವಿಭಾಗದ ಸಂಖ್ಯೆಗಳ ವ್ಯಾಪ್ತಿ 5120ರಿಂದ 5759.

ಕನ್ನಡ ಟೈಪಿಸಿ ರೂಢಿಯಾದವರು ಮೊದಲು ಒಂದು ಅಭ್ಯಾಸವನ್ನು ಬಿಡಬೇಕು. ನಮ್ಮ ‘ನು’ ಎಂದರೆ ನಕಾರ ಮತ್ತು ಕೊಂಬು, ಅಂದರೆ ಎರಡು ಸಂಕೇತಗಳು. ಇಲ್ಲಿ ‘ನು’ ಇಡಿಯಾಗಿ ಒಂದೇ ಸಂಕೇತ, ಗುಣಿತದ ಚಿಹ್ನೆಗಳೇ ಇಲ್ಲ. ‘ನುನಾವುಟ್’ ಎಂಬ ಪ್ರದೇಶದ ಹೆಸರನ್ನೇ ತೆಗೆದುಕೊಳ್ಳಿ: ಕನ್ನಡದಲ್ಲಿ ಅದಕ್ಕೆ 8 ಸಂಕೇತ ಬೇಕು, ಇನುಕ್ಟಿಟುಟ್‌ನಲ್ಲಿ 5316, 5319, 5463, 5222 ಎಂಬ ನಾಲ್ಕೇ ಸಾಕು. ಕೊನೆಯದು ಸ್ವರವಿಲ್ಲದ ‘ಟ್’. ಅದು ಮೇಲಕ್ಕೆ ಏರಿಸಿದ ಪುಟ್ಟ ಅಕ್ಷರದಂತೆ ಕಂಡರೂ ಸ್ವತಂತ್ರ ಸಂಕೇತವಾದ್ದರಿಂದ, ದೊಡ್ಡ ಅಕ್ಷರವನ್ನು ಟೈಪಿಸಿ ಅದನ್ನು ಕುಗ್ಗಿಸಿ ಮೇಲಕ್ಕೇರಿಸಬಾರದು. ಜಾಲಪುಟದ ಮೂಲದಲ್ಲಿ ನೇರವಾಗಿ ಬರೆಯುವಾಗ ಪ್ರತಿ ಸಂಖ್ಯೆಯನ್ನೂ &#5316; ಎಂಬ ಮಾದರಿಯಲ್ಲಿ ಕೊಡಬಹುದು.

ಅಕ್ಷರ ಹುಡುಕುವಾಗ ಯೂನಿಕೋಡ್ ಪಟ್ಟಿಯ ಹೆಸರುಗಳನ್ನು ನಂಬಿಕೊಂಡರೆ ದಾರಿ ತಪ್ಪುವುದು ಖಚಿತ. 5316ರ ಹೆಸರು ‘ನೊ’, 5463ರ ಹೆಸರು ‘ಫೊ’. ಇನುಕ್ಟಿಟುಟ್ ಓದುಗರಿಗೆ ಮಾತ್ರ ಅವು ‘ನು’ ಮತ್ತು ‘ವು’. ಹಲವು ಭಾಷೆಗಳು ಹಂಚಿಕೊಂಡ ವಿಭಾಗದಲ್ಲಿ ಒಂದು ಹೆಸರು ಎಲ್ಲರ ಉಚ್ಚಾರಣೆಗೂ ಹೊಂದುವುದು ಸಾಧ್ಯವೂ ಇಲ್ಲ. ಆದ್ದರಿಂದ ಇನುಕ್ಟಿಟುಟ್‌ನದೇ ವರ್ಣಮಾಲೆಯ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಸಂಖ್ಯೆಯಿಂದಲೇ ಗುರುತಿಸುವುದು ಲೇಸು.

ಹೆಚ್ಚು ತಪ್ಪುಗಳಾಗುವುದು ಕಣ್ಣಿಗೆ ಒಂದೇ ಎನಿಸುವ ಕಡೆಗಳಲ್ಲಿ. ದೀರ್ಘ ಸ್ವರವನ್ನು ಮೇಲಿನ ಚುಕ್ಕೆ ಸೂಚಿಸುತ್ತದೆ. ಹಾಗೆಂದು ‘ನು’ ಬರೆದು ಅದರ ಮೇಲೆ ಬಿಡಿ ಚುಕ್ಕೆ ಕೂರಿಸಿದರೆ ಅದು ‘ನೂ’ ಆಗುವುದಿಲ್ಲ. ‘ನೂ’ವಿಗೆ 5317 ಎಂಬ ಬೇರೆಯೇ ಸಂಕೇತವಿದೆ, ಮತ್ತು ಯೂನಿಕೋಡ್‌ನ ಸಾಮಾನ್ಯೀಕರಣವು (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಕ್ರಮ) ಈ ಎರಡು ರೂಪಗಳನ್ನು ಸಮವೆಂದು ಪರಿಗಣಿಸುವುದಿಲ್ಲವಾದ್ದರಿಂದ ಹುಡುಕಾಟದಲ್ಲಿ ಆ ಪದ ಸಿಕ್ಕುವುದೇ ಇಲ್ಲ. ಕಿರುನಾಲಗೆಯ ಬಳಿ ಹುಟ್ಟುವ ಕಕಾರದ ‘ಕಿ’ (5503) ನೋಡಲು ‘ರ್’ (5456) ಪಕ್ಕದಲ್ಲಿ ಸಾಮಾನ್ಯ ‘ಕಿ’ (5229) ನಿಲ್ಲಿಸಿದಂತೆಯೇ ಇರುತ್ತದೆ; ಎರಡನ್ನು ಜೋಡಿಸಿ ಒಂದನ್ನು ತಯಾರಿಸಬೇಡಿ. ಇನ್ನು ‘ಪ’ (5176) ಥೇಟ್ ಗಣಿತದ ‘<’ ಚಿಹ್ನೆಯೇ. ಕೀಲಿಮಣೆಯಲ್ಲಿ ಸುಲಭಕ್ಕೆ ಸಿಗುತ್ತದೆಂದು ಆ ಚಿಹ್ನೆಯನ್ನು ಒತ್ತಿದರೆ, ಬ್ರೌಸರ್ ಅದನ್ನು ಜಾಲಪುಟದ ರಚನೆ ಹೇಳುವ ಟ್ಯಾಗ್‌ನ ಆರಂಭವೆಂದು ಬಗೆದು ಮುಂದಿನ ಪದಗಳನ್ನು ನುಂಗಿಬಿಡಬಹುದು.

ಹಳೆಯ ಕಡತಗಳ ಪಾಡು ನುಡಿ, ಬರಹ ಫಾಂಟುಗಳ ಕಾಲದ ಕನ್ನಡಿಗರಿಗೆ ಹೊಸದೇನಲ್ಲ. ಯೂನಿಕೋಡ್‌ಗೆ ಮುಂಚೆ ನುನಾಕಾಮ್, ಪ್ರೋಸಿಲ್‌ನಂತಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇನುಕ್ಟಿಟುಟ್ ಆಕಾರಗಳನ್ನು ಕೂರಿಸಿದ್ದವು. ಪರಿವರ್ತನೆಗೆ ತೊಡಗುವ ಮುನ್ನ ಕಡತದಲ್ಲಿರುವುದು ಯಾವ ಫಾಂಟು ಎಂದು ಖಚಿತಪಡಿಸಿಕೊಂಡು ಅದರದೇ ಕೋಷ್ಟಕವನ್ನು ಬಳಸಬೇಕು. ಆ ಫಾಂಟಿನಲ್ಲಿರುವ ಭಾಗಗಳನ್ನಷ್ಟೇ ಆರಿಸಬೇಕು, ಇಲ್ಲವಾದರೆ ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳೂ ಇನುಕ್ಟಿಟುಟ್ ಆಗಿ ಬದಲಾಗುತ್ತವೆ.

ಪ್ರದರ್ಶನಕ್ಕೆ ಯುಫೀಮಿಯಾ, ಗಡುಗಿ, ಪಿಗಿಯಾರ್ನಿಕ್ ಅಥವಾ ಈ ಲಿಪಿಯ ನೋಟೊ ಫಾಂಟು ಸಾಕು. ಒತ್ತಕ್ಷರಗಳಿಲ್ಲದ ಕಾರಣ ಕನ್ನಡಕ್ಕೆ ಬೇಕಾಗುವ ಜೋಡಣೆಯ ಕಸರತ್ತು ಇಲ್ಲಿಲ್ಲ. ಕೊನೆಗೆ ಪಠ್ಯವನ್ನು ಅಲಂಕಾರವಿಲ್ಲದ ಸಾದಾ ಕಡತಕ್ಕೆ ನಕಲಿಸಿ, ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಉಳಿಸಿ. ಪ್ರತಿ ಅಕ್ಷರಕ್ಕೆ 3 ಬೈಟ್‌ನಂತೆ ‘ನುನಾವುಟ್’ ಪದವೊಂದೇ ಇರುವ ಕಡತ 12 ಬೈಟ್ ತೂಗಬೇಕು. ಹೆಚ್ಚಿದ್ದರೆ ಎಲ್ಲೋ ಬಿಡಿ ಚುಕ್ಕೆಯೋ ಕಾಣದ ಖಾಲಿ ಜಾಗವೋ ಸೇರಿಕೊಂಡಿದೆ ಎಂದು ತಿಳಿದು ಸಂಕೇತಗಳನ್ನು ಒಂದೊಂದಾಗಿ ಪರೀಕ್ಷಿಸಿ.