ಡಯಟ್ ಚಾರ್ಟ್ ಪಕ್ಕಕ್ಕಿಟ್ಟು ಒಟ್ಟಿಗೆ ಕೂತು ತಿಂದೆವು

ನಾನು ಡಯಟಿಷಿಯನ್. ಮೊದಮೊದಲು ಕೌನ್ಸೆಲಿಂಗ್ ಅಂದ್ರೆ ನನಗೆ ಇಷ್ಟೇ: ಚಾರ್ಟ್ ಬರೆದುಕೊಡುವುದು, ಎರಡು ವಾರ ಬಿಟ್ಟು ತೂಕ ನೋಡುವುದು, ಇಳಿದಿದ್ದರೆ ಶಭಾಷ್ ಅನ್ನುವುದು, ಇಳಿಯದಿದ್ದರೆ ಚಾರ್ಟನ್ನು ಇನ್ನಷ್ಟು ಬಿಗಿ ಮಾಡುವುದು. ಆಗ ಒಬ್ಬರು ಬರುತ್ತಿದ್ದರು. ಒಂದು ದಿನ ಅವರು, "ಹಗಲೆಲ್ಲ ನೀವು ಬರೆದ ಹಾಗೇ ತಿಂತೀನಿ, ರಾತ್ರಿ ಮಾತ್ರ ಬಿಸ್ಕತ್ ಪ್ಯಾಕೆಟ್ ಖಾಲಿ ಆದ ಮೇಲೇ ತಿಂದಿದ್ದು ಗೊತ್ತಾಗೋದು" ಅಂದರು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದು ಅವರಿಗೆ ನನ್ನಷ್ಟೇ ಗೊತ್ತಿತ್ತು. ಅವರ ಮಾತಿಗೆ ನನ್ನ ಚಾರ್ಟ್‌ನಲ್ಲಿ ಉತ್ತರ ಇರಲಿಲ್ಲ.

ಹಾಗೆ ನಾನು ಮೈಂಡ್‌ಫುಲ್ ಈಟಿಂಗ್ ಕಡೆ ಬಂದೆ, ಅಂದರೆ ತಿನ್ನುವಾಗ ತಿನ್ನುವುದರ ಮೇಲೇ ಗಮನ ಇಡುವುದು. ಒಣದ್ರಾಕ್ಷಿಯ ಅಭ್ಯಾಸ ನಿಮಗೂ ಗೊತ್ತಿರಬಹುದು. ಧ್ಯಾನ ಕಲಿಸುವ ಜಾನ್ ಕಬಾಟ್-ಜಿನ್ ಅನ್ನುವವರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1979ರಲ್ಲಿ ಶುರು ಮಾಡಿದ ಒತ್ತಡ ಇಳಿಸುವ ಕಾರ್ಯಕ್ರಮದಿಂದ ಅದು ಎಲ್ಲ ಕಡೆ ಹರಡಿತು. ಒಂದೇ ಒಂದು ದ್ರಾಕ್ಷಿ ಹಿಡಿದು ನೋಡಿ, ಮೂಸಿ, ನಾಲಿಗೆ ಮೇಲಿಟ್ಟು, ನಿಧಾನವಾಗಿ ಅಗಿಯುವುದು. ನಾನೂ ಬಂದವರಿಗೆಲ್ಲ ಅದನ್ನೇ ಮಾಡಿಸಿದೆ. ಜೊತೆಗೆ ಫೋನ್ ದೂರ ಇಡಿ, ಜಾಸ್ತಿ ಅಗಿಯಿರಿ, ಎರಡು ತುತ್ತಿನ ನಡುವೆ ಚಮಚ ಕೆಳಗಿಡಿ ಅಂತ ಪಟ್ಟಿಯನ್ನೂ ಕೊಟ್ಟೆ.

ಎರಡು ವಾರ ಆದ ಮೇಲೆ ಅವರು ಬಂದು ಹೇಳಿದ್ದು ಏನು ಗೊತ್ತಾ? "ಸಾರಿ, ನಿನ್ನೆ ಟಿವಿ ನೋಡ್ತಾ ತಿಂದುಬಿಟ್ಟೆ." ಒಬ್ಬರಲ್ಲ, ಒಬ್ಬರಾದ ಮೇಲೆ ಒಬ್ಬರು. ಮೊದಲು ಎಣ್ಣೆ, ಸಕ್ಕರೆ ತಿಂದಿದ್ದಕ್ಕೆ ಸಾರಿ ಕೇಳುತ್ತಿದ್ದವರು ಈಗ ಗಮನ ತಪ್ಪಿದ್ದಕ್ಕೆ ಸಾರಿ ಕೇಳುತ್ತಿದ್ದರು. ಅವರ ತಲೆ ಮೇಲೆ ಇನ್ನೊಂದು ಡಯಟ್ ಹೊರಿಸಿಬಿಟ್ಟಿದ್ದೆ ನಾನು. ಅದು ಅರ್ಥವಾದಾಗ ತುಂಬಾ ಬೇಜಾರಾಯಿತು.

ಈಗ ಮೊದಲ ಭೇಟಿಯಲ್ಲಿ ದ್ರಾಕ್ಷಿಯೂ ಇಲ್ಲ, ಪಟ್ಟಿಯೂ ಇಲ್ಲ. ನಿನ್ನೆ ಎಷ್ಟು ಗಂಟೆಗೆ ಏನು ತಿಂದಿರಿ ಅಂತಷ್ಟೇ ಕೇಳುತ್ತೇನೆ. ಬೆಳಿಗ್ಗೆ ಬಿಟ್ಟು, ಮಧ್ಯಾಹ್ನ ಅರೆಹೊಟ್ಟೆ ತಿಂದವರಿಗೆ ರಾತ್ರಿ ಮೈಮೇಲೆ ಬರುವಂಥ ಹಸಿವು ಆಗೇ ಆಗುತ್ತದೆ, ಆಗ ನಿಧಾನವಾಗಿ ಸವಿಯಿರಿ ಅನ್ನುವುದು ನನ್ನ ಪ್ರಕಾರ ಅನ್ಯಾಯ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಆ ಗಂಡಸರ ತಲೆ ತುಂಬಾ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಊಟ ವಾಪಸ್ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸುತ್ತಿರಲಿಲ್ಲ. ಈ ಕಥೆ ಹೇಳಿದರೆ ಎದುರಿಗೆ ಕೂತವರ ಮುಖ ಸಡಿಲಾಗುತ್ತದೆ. "ಹಾಗಾದ್ರೆ ನನಗೆ ಕಂಟ್ರೋಲ್ ಇಲ್ಲ ಅಂತ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ ಅನ್ನುತ್ತೇನೆ. ಮೂರು ನಾಲ್ಕು ವಾರ ಹೊತ್ತುಹೊತ್ತಿಗೆ ಹೊಟ್ಟೆ ತುಂಬಾ ತಿನ್ನುವುದು, ಅಷ್ಟೇ ಕೆಲಸ. ಎಷ್ಟೋ ಜನರ ರಾತ್ರಿಯ ತಿನ್ನುವಿಕೆ ಅಲ್ಲೇ ಸಾಕಷ್ಟು ಸಡಿಲವಾಗುತ್ತದೆ.

ಆಮೇಲೆ ಒಟ್ಟಿಗೆ ತಿನ್ನುತ್ತೇವೆ. ಅವರಿಗೆ ಯಾವುದನ್ನು ಕಂಡರೆ ಭಯವೋ ಅದನ್ನೇ ತರಲು ಹೇಳುತ್ತೇನೆ, ಹೆಚ್ಚಾಗಿ ಚಿಪ್ಸ್ ಅಥವಾ ಚಾಕೊಲೇಟ್. ನಾನೂ ಜೊತೆಗೆ ತಿನ್ನುತ್ತೇನೆ, ಯಾಕಂದ್ರೆ ಒಬ್ಬರು ತಿನ್ನುವುದನ್ನು ಇನ್ನೊಬ್ಬರು ನೋಡುತ್ತಾ ಕೂತರೆ ಅದು ಪರೀಕ್ಷೆ ಆಗಿಬಿಡುತ್ತದೆ. "ಚೆನ್ನಾಗಿದೆಯಾ?" ಅಂತ ಕೇಳುವುದಿಲ್ಲ, "ಈಗ ಬಾಯಲ್ಲಿ ಏನಾಗ್ತಿದೆ?" ಅಂತ ಕೇಳುತ್ತೇನೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ನಾಲಿಗೆಗೆ ಅದರ ಸೊಗಸು ಕಡಿಮೆಯಾಗುತ್ತಾ ಬರುತ್ತದೆ, ಇದನ್ನು ನಾನು ಮೊದಲೇ ಹೇಳುವುದಿಲ್ಲ. ಒಬ್ಬರು ತಾವಾಗೇ ಕಣ್ಣು ಬಿಟ್ಟು, "ಐದನೆಯದು ಬರೀ ಉಪ್ಪು" ಅಂದರು. ಆಗ ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿರುವುದನ್ನು ಕಲಿಯುವುದೇ ನನಗೆ ತುಂಬಾ ಕಷ್ಟವಾಯಿತು, ವಿವರಿಸಲು ಬಾಯಿ ತುರಿಸುತ್ತಿರುತ್ತದೆ.

ಹಸಿವಿಗೆ ಒಂದರಿಂದ ಹತ್ತರವರೆಗೆ ನಂಬರ್ ಕೊಡಿಸುವ ಸ್ಕೇಲ್ ಇದೆ. ವರ್ಷಗಟ್ಟಲೆ ಡಯಟ್ ಮಾಡಿದವರು ಅದನ್ನು ಕಂಡರೆ ತಬ್ಬಿಬ್ಬಾಗುತ್ತಾರೆ, ಸರಿಯಾದ ಉತ್ತರ ಯಾವುದು ಅಂತ ನನ್ನ ಮುಖ ನೋಡುತ್ತಾರೆ. ಅದಕ್ಕೇ ಹಸಿವು ಎಲ್ಲಿ ಗೊತ್ತಾಗುತ್ತದೆ ಅಂತ ಕೇಳುತ್ತೇನೆ: ಹೊಟ್ಟೆಯಲ್ಲಾ, ತಲೆ ಭಾರವಾ, ಸುಮ್ನೆ ಸಿಟ್ಟು ಬರುತ್ತದಾ? ಸಾಕು ಅನ್ನುವ ಸುದ್ದಿ ಹೊಟ್ಟೆ ಮತ್ತು ಕರುಳಿನಿಂದ ನರ, ಹಾರ್ಮೋನ್‌ಗಳ ಮೂಲಕ ಮೆದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಆದ್ದರಿಂದ ಊಟದ ನಡುವೆ ಒಮ್ಮೆ ನಿಂತು ನೋಡಿ, ಇನ್ನೂ ಬೇಕು ಅನ್ನಿಸಿದರೆ ತಿನ್ನಿ ಅನ್ನುತ್ತೇನೆ. ಆ "ತಿನ್ನಿ" ನಿಜವಾದ ಒಪ್ಪಿಗೆ ಆಗಿರಬೇಕು. ಒಳಗೆ ಬೇಡ ಅಂದುಕೊಂಡು ಬಾಯಲ್ಲಿ ತಿನ್ನಿ ಅಂದರೆ ಅವರಿಗೆ ಗೊತ್ತಾಗಿಬಿಡುತ್ತದೆ.

ಎಲ್ಲರಿಗೂ ಇದನ್ನು ಮಾಡಿಸುವುದಿಲ್ಲ. ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ತೀರಾ ಕಡಿಮೆ ಮಾಡುವ ಕಾಯಿಲೆ) ಇರುವವರಿಗೆ ಹಸಿವಿನ ಸೂಚನೆಯೇ ನಂಬುವ ಹಾಗಿರುವುದಿಲ್ಲ, ಅಲ್ಲಿ ಗಂಟೆ ನೋಡಿ ತಿನ್ನಿಸಬೇಕು, ಡಾಕ್ಟರ್ ಮತ್ತು ಥೆರಪಿಸ್ಟ್ ಜೊತೆಗಿರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಹಸಿವಾಗಲಿ ಅಂತ ಕಾಯುವ ಹಾಗಿಲ್ಲ. ತಿಂಗಳ ಕೊನೆಗೆ ಮನೆಯಲ್ಲಿ ಊಟಕ್ಕೇ ಸಾಲದವರಿಗೆ ಸವಿದು ತಿನ್ನಿ ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ, ಅವರಿಗೆ ಬೇರೆ ಸಹಾಯ ಬೇಕು.

ತೂಕ ಇಳಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಖಚಿತ ಇಲ್ಲ ಅಂತಲೇ ಹೇಳುತ್ತೇನೆ. ಒಮ್ಮೆಗೇ ಸಿಕ್ಕಾಪಟ್ಟೆ ತಿನ್ನುವುದು, ಬೇಜಾರಿಗೆ ತಿನ್ನುವುದು ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ತೂಕದ ಬಗ್ಗೆ ಫಲಿತಾಂಶ ಒಂದೇ ಥರ ಇಲ್ಲ. ತೂಕದ ಆಸೆ ತೋರಿಸಿದರೆ ಅವರ ಗಮನ ತಟ್ಟೆ ಬಿಟ್ಟು ತಕ್ಕಡಿಗೆ ಹೋಗುತ್ತದೆ, ಅದನ್ನು ನಾನು ಸಾಕಷ್ಟು ಸಲ ನೋಡಿದ್ದೇನೆ.

ಆ ಬಿಸ್ಕತ್‌ನವರು ಈಗಲೂ ರಾತ್ರಿ ಬಿಸ್ಕತ್ ತಿನ್ನುತ್ತಾರೆ, ತಟ್ಟೆಗೆ ಹಾಕಿಕೊಂಡು, ಕೂತುಕೊಂಡು. ಒಂದು ದಿನ ನಾಲ್ಕು, ಇನ್ನೊಂದು ದಿನ ಎಂಟು. ಹೋದ ಸಲ ಬಂದಾಗ, "ಪ್ಯಾಕೆಟ್ ಒಡೆಯೋವಾಗಲೇ ಗೊತ್ತಾಯ್ತು, ನನಗೆ ಬೇಕಾಗಿದ್ದು ಇದಲ್ಲ, ಯಾರ ಜೊತೆಗಾದ್ರೂ ಮಾತಾಡ್ಬೇಕಿತ್ತು ಅಂತ. ಆದ್ರೂ ಎರಡು ತಿಂದೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ" ಅಂದರು. ಅವರ ಫೈಲ್‌ನಲ್ಲಿ ತೂಕ ಬರೆಯುವ ಜಾಗದಲ್ಲಿ ಆ ಮಾತನ್ನು ಹಾಗೇ ಬರೆದಿಟ್ಟೆ.